ಫ್ರೈಡ್ ರೈಸ್: ನಿನ್ನೆಯ ಅನ್ನದಿಂದ ಇಂದಿನ ರಾತ್ರಿಯೂಟ

ಕಚೇರಿಯಿಂದ ಮನೆ ಸೇರುವ ಹೊತ್ತಿಗೆ ಗಂಟೆ ಎಂಟು. ಫ್ರಿಜ್ ತೆರೆದರೆ ಒಂದು ಡಬ್ಬಿ ತಣ್ಣನೆಯ ಅನ್ನ, ಎರಡು ಮೊಟ್ಟೆ, ಅರ್ಧ ಕ್ಯಾರೆಟ್, ಬಾಡಲು ಅಣಿಯಾಗಿರುವ ಒಂದಿಷ್ಟು ಬೀನ್ಸ್. ಇಂಥ ಸಂದರ್ಭದಲ್ಲಿ ಕರ್ನಾಟಕದ ಮನೆಗಳಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಬೀಳುತ್ತದೆ. ಚೀನಾದಲ್ಲಿ ಅದೇ ಅನ್ನ ಚಾವೊಫಾನ್ ಆಗುತ್ತದೆ. ಜಪಾನಿನಲ್ಲಿ ಚಾಹಾನ್, ಇಂಡೊನೇಷ್ಯಾದಲ್ಲಿ ನಾಸಿ ಗೊರೆಂಗ್, ಥಾಯ್ಲೆಂಡಿನಲ್ಲಿ ಖಾವ್ ಪಾಟ್, ಫಿಲಿಪೀನ್ಸ್‌ನಲ್ಲಿ ಸಿನಂಗಾಗ್. ಹೆಸರುಗಳು ಹಲವಾದರೂ ಅರ್ಥ ಹೆಚ್ಚುಕಡಿಮೆ ಒಂದೇ: ಹುರಿದ ಅನ್ನ.

ನಮ್ಮ ನಗರಗಳಲ್ಲಿ ಫ್ರೈಡ್ ರೈಸ್ ಎಂದೊಡನೆ ದರ್ಶಿನಿಯ ಮೂಲೆಯ ‘ಚೈನೀಸ್’ ಕೌಂಟರ್, ಭುಗಿಲೇಳುವ ಬೆಂಕಿ, ಸಾಸಿನ ಘಾಟು ನೆನಪಾಗುವುದು ಸಹಜ. ಆದರೆ ಇದು ಮೂಲತಃ ಮನೆಯ ಅಡುಗೆ. ಮಿಕ್ಕ ಅನ್ನವನ್ನು ಚೆಲ್ಲಬಾರದೆಂಬ ಗೃಹಿಣಿಯ ಲೆಕ್ಕಾಚಾರದಿಂದ ಬಂದದ್ದು. ಸಾಮಗ್ರಿ ಕೈಯಲ್ಲಿದ್ದರೆ ಹೆಚ್ಚಿದ್ದಕ್ಕೆ ಐದು ನಿಮಿಷ, ಹುರಿದದ್ದಕ್ಕೆ ಐದು ನಿಮಿಷ. ಇದರ ರುಚಿಯೂ ಹಳೆಯ ಅನ್ನದಲ್ಲಿದೆ, ಇದರಿಂದ ಆಗಬಹುದಾದ ಅಪಾಯವೂ ಅದೇ ಅನ್ನದಲ್ಲಿದೆ. ಎರಡನೆಯದರ ಬಗ್ಗೆ ಅಡುಗೆ ಪುಸ್ತಕಗಳು ಸಾಮಾನ್ಯವಾಗಿ ಮೌನ ವಹಿಸುತ್ತವೆ.

ಯಾಂಗ್‌ಝೌನಿಂದ ಮನಿಲಾದವರೆಗೆ

ಚೀನಾದ ಜಿಯಾಂಗ್ಸು ಪ್ರಾಂತ್ಯದ ಯಾಂಗ್‌ಝೌ ನಗರಕ್ಕೆ ಈ ಖಾದ್ಯದಿಂದಲೇ ಲೋಕಪ್ರಸಿದ್ಧಿ. ಅಲ್ಲಿನ ಹುರಿದನ್ನದಲ್ಲಿ ಮೊಟ್ಟೆ, ಸೀಗಡಿ, ಹ್ಯಾಮ್, ಬಟಾಣಿ, ಈರುಳ್ಳಿ ಸೊಪ್ಪು ಇರುತ್ತವೆ. ಸೋಯಾ ಸಾಸ್ ಇರುವುದಿಲ್ಲ! ಅನ್ನ ಕಂದುಬಣ್ಣಕ್ಕೆ ತಿರುಗದೆ ಬೆಳ್ಳಗೇ ಉಳಿಯಬೇಕು. ಮೊಟ್ಟೆಯ ಹಳದಿಯನ್ನು ಪ್ರತಿ ಅಗುಳಿಗೂ ಲೇಪಿಸಿದಂತೆ ಹುರಿಯುವ ಕ್ರಮಕ್ಕೆ ‘ಬೆಳ್ಳಿಗೆ ಚಿನ್ನದ ಹೊದಿಕೆ’ ಎಂಬ ಹೆಸರಿದೆ. 2015ರ ಅಕ್ಟೋಬರಿನಲ್ಲಿ ಇದೇ ನಗರದಲ್ಲಿ ಸುಮಾರು 300 ಬಾಣಸಿಗರು ಸೇರಿ 4 ಟನ್ನಿಗೂ ಮಿಕ್ಕ ಫ್ರೈಡ್ ರೈಸ್ ತಯಾರಿಸಿ ಗಿನ್ನೆಸ್ ದಾಖಲೆಗೆ ಯತ್ನಿಸಿದ್ದರು. ಅದರಲ್ಲಿ ಒಂದು ಪಾಲು ಹಂದಿ ಸಾಕಣೆ ಕೇಂದ್ರಕ್ಕೆ ಹೋದದ್ದು ಬಯಲಾಗಿ, ಆಹಾರವನ್ನು ಜನರೇ ತಿನ್ನಬೇಕೆಂಬ ನಿಯಮದಡಿ ದಾಖಲೆ ರದ್ದಾಯಿತು. ಮಿಕ್ಕಿದ್ದನ್ನು ಪೋಲು ಮಾಡದಿರಲು ಹುಟ್ಟಿದ ಖಾದ್ಯಕ್ಕೆ ಇಂಥ ಗತಿ ಬಂದದ್ದು ವಿಪರ್ಯಾಸವೇ ಸರಿ.

ಇಂಡೊನೇಷ್ಯಾದ ನಾಸಿ ಗೊರೆಂಗ್‌ಗೆ ಕಪ್ಪು ಬಣ್ಣ, ಸಿಹಿ ಛಾಯೆ. ತಾಳೆಬೆಲ್ಲ ಬೆರೆಸಿದ ‘ಕೆಚಪ್ ಮಾನಿಸ್’ ಎಂಬ ಮಂದವಾದ ಸೋಯಾ ಸಾಸ್ ಅದಕ್ಕೆ ಕಾರಣ. ಕೆಂಪು ಮೆಣಸಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿಗಳನ್ನು ಸೀಗಡಿಯ ಒಣ ಹುದುಗಿನೊಂದಿಗೆ ಅರೆದು ಹುರಿಯುತ್ತಾರೆ. ಮೇಲೊಂದು ಬುಲ್ಸ್ ಐ ಮೊಟ್ಟೆ, ಪಕ್ಕದಲ್ಲಿ ಹಪ್ಪಳ. ರಾತ್ರಿಯ ಅನ್ನ ಬೆಳಗಿನ ತಿಂಡಿಯಾಗುವ ಪದ್ಧತಿ ಅಲ್ಲಿಯೂ ಉಂಟು. ಥಾಯ್ ಜನ ಮೀನಿನ ಸಾಸ್ ಹಾಕಿ ಹುರಿದು, ಸೌತೆಕಾಯಿ ಹೋಳು ಮತ್ತು ನಿಂಬೆಯೊಂದಿಗೆ ಬಡಿಸುತ್ತಾರೆ. ಬರ್ಮಾದವರು ಬೇಯಿಸಿದ ಬಟಾಣಿಕಾಳು ಸೇರಿಸುತ್ತಾರೆ. ಕೊರಿಯಾದಲ್ಲಿ ಹುಳಿ ಬಂದ ಕಿಮ್ಚಿಯನ್ನು ಅದರ ರಸದ ಸಮೇತ ಬಾಣಲೆಗೆ ಸುರಿಯುತ್ತಾರೆ.

ಎಲ್ಲಕ್ಕಿಂತ ಸರಳವಾದದ್ದು ಫಿಲಿಪೀನ್ಸಿನದು. ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಹೊಂಬಣ್ಣಕ್ಕೆ ಹುರಿದು, ಹಳೆಯ ಅನ್ನವನ್ನು ಕೈಯಲ್ಲಿ ಪುಡಿ ಮಾಡಿ ಹಾಕಿ, ಉಪ್ಪು ಬೆರೆಸಿದರೆ ಮುಗಿಯಿತು. ಬೆಳಗಿನ ಹೊತ್ತು ಅದರೊಂದಿಗೆ ಮೊಟ್ಟೆ ಮತ್ತು ಒಣಮಾಂಸ. ನಮ್ಮ ಒಗ್ಗರಣೆ ಅನ್ನಕ್ಕೆ ತೀರಾ ಹತ್ತಿರದ ಬಂಧು ಇದು.

ತಣ್ಣನೆಯ ಅನ್ನವೇ ಏಕೆ?

ಅಕ್ಕಿ ಬೇಯುವಾಗ ಅದರೊಳಗಿನ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಅಗುಳು ಮೆತ್ತಗಾಗಿ ಅಂಟಂಟಾಗುತ್ತದೆ. ಬಿಸಿ ಅನ್ನವನ್ನು ಹಾಗೆಯೇ ಬಾಣಲೆಗೆ ಹಾಕಿದರೆ ಮುದ್ದೆಗಟ್ಟುವುದು ಇದರಿಂದಲೇ. ಅನ್ನ ಆರಿದಂತೆ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಜೋಡಣೆಗೊಂಡು ಗಟ್ಟಿಯಾಗುತ್ತವೆ, ಮೇಲ್ಮೈಯ ತೇವವೂ ಆವಿಯಾಗುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಈ ಕ್ರಿಯೆ ಇನ್ನೂ ಚುರುಕು. ಹೀಗಾಗಿ ಮರುದಿನದ ಅನ್ನ ಹುರಿಯಲು ಹೇಳಿ ಮಾಡಿಸಿದಂತಿರುತ್ತದೆ.

ಅಮೈಲೋಸ್ ಎಂಬ ಪಿಷ್ಟದ ಅಂಶ ಹೆಚ್ಚಿದ್ದಷ್ಟೂ ಅನ್ನ ಉದುರುದುರಾಗುತ್ತದೆ. ಬಾಸುಮತಿಯಲ್ಲಿ ಅದು ಹೆಚ್ಚು, ಜಪಾನಿನ ಗಿಡ್ಡ ಅಕ್ಕಿಯಲ್ಲಿ ಕಡಿಮೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ರಾಯಚೂರುಗಳಿಂದ ಬರುವ ಸೋನಾ ಮಸೂರಿ ಈ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತದೆ. ಬಾಸುಮತಿ ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ. ನೀರನ್ನು ಎಂದಿನಿಂದ ಕೊಂಚ ಕಡಿತಗೊಳಿಸಿ ಬೇಯಿಸಿದರೆ ಸಾಕು.

ಅಂದಿನ ಅನ್ನವೂ ಆದೀತು. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರವಿ ಫ್ಯಾನಿನ ಕೆಳಗೆ ಅರ್ಧ ಗಂಟೆ ಇಟ್ಟರೆ ಮೇಲ್ಮೈ ಒಣಗುತ್ತದೆ. ರುಚಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣದು. ಅಂದರೆ ಹುರಿದನ್ನಕ್ಕೆ ಬೇಕಾದದ್ದು ಒಣಗಿದ ಅನ್ನ. ರಾತ್ರಿಯಿಡೀ ಒಲೆಯ ಪಕ್ಕ ಬಿದ್ದಿದ್ದ ಅನ್ನವೇ ಬೇಕೆಂದೇನಿಲ್ಲ.

ಕುಕ್ಕರಿನಲ್ಲಿ ಉಳಿದ ಅನ್ನದ ಕಥೆ

ಅಕ್ಕಿಯಲ್ಲಿ ಸಾಮಾನ್ಯವಾಗಿ ಇರಬಹುದಾದ ಒಂದು ಮಣ್ಣಿನ ಬ್ಯಾಕ್ಟೀರಿಯಾದ ಹೆಸರು ಬ್ಯಾಸಿಲಸ್ ಸೀರಿಯಸ್. ಪ್ರತಿಕೂಲ ಸನ್ನಿವೇಶದಲ್ಲಿ ಅದು ಗಟ್ಟಿ ಕವಚದ ಬೀಜಕವಾಗಿ ಮಲಗುತ್ತದೆ. ಅನ್ನ ಕುದಿಯುವಾಗ ಉಳಿದ ಸೂಕ್ಷ್ಮಜೀವಿಗಳು ಸತ್ತರೂ ಈ ಬೀಜಕಗಳು ಬದುಕುಳಿಯಬಲ್ಲವು. ಅನ್ನ ಉಗುರುಬೆಚ್ಚಗಾದೊಡನೆ ಅವು ಎಚ್ಚೆತ್ತು ವೃದ್ಧಿಸತೊಡಗುತ್ತವೆ. ಮುಚ್ಚಿದ ಕುಕ್ಕರಿನ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗಿರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಆ ಬೆಚ್ಚನೆಯ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಸೆರುಲೈಡ್ ಎಂಬ ವಿಷವಸ್ತುವನ್ನು ಉತ್ಪಾದಿಸಬಹುದು.

‘ಚೆನ್ನಾಗಿ ಬಿಸಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆ’ ಎಂಬ ನಂಬಿಕೆ ಕೈಕೊಡುವುದು ಇಲ್ಲಿಯೇ. ಮತ್ತೆ ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯಬಹುದು, ಅದು ಆಗಲೇ ಉತ್ಪಾದಿಸಿಟ್ಟ ವಿಷ ಸಾಯುವುದಿಲ್ಲ. 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂವರೆ ಗಂಟೆ ಇಟ್ಟರೂ ಸೆರುಲೈಡ್ ನಾಶವಾಗದೆಂಬುದು ಪ್ರಯೋಗಗಳಿಂದ ದೃಢಪಟ್ಟಿದೆ. ಬಾಣಲೆಯ ಐದು ನಿಮಿಷದ ಉರಿ ಅದಕ್ಕೆ ಯಾವ ಲೆಕ್ಕ? ವಾಸನೆ, ರುಚಿಗಳಿಂದಲೂ ಪತ್ತೆಯಾಗದು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಕರಿಕೆ, ವಾಂತಿ ಕಾಣಿಸಿಕೊಳ್ಳುತ್ತದೆ.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದ ಅನೇಕರು ಹೀಗೆ ಅಸ್ವಸ್ಥರಾದಾಗಲೇ ಈ ಸಂಬಂಧ ವೈದ್ಯಲೋಕದ ಗಮನಕ್ಕೆ ಬಂದದ್ದು. ದೊಡ್ಡ ಪ್ರಮಾಣದಲ್ಲಿ ಅನ್ನ ಬೇಯಿಸಿ, ಒಣಗಲೆಂದು ರಾತ್ರಿಯಿಡೀ ಹೊರಗೇ ಬಿಡುವ ರೂಢಿ ಅಲ್ಲಿತ್ತು. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಂಟು ಕಟ್ಟುತ್ತದೆಂಬುದು ಬಾಣಸಿಗರ ತಕರಾರು. ಬಹುಪಾಲು ಪ್ರಕರಣಗಳಲ್ಲಿ ರೋಗಿ ಒಂದೇ ದಿನದಲ್ಲಿ ಚೇತರಿಸಿಕೊಳ್ಳುತ್ತಾನೆ. ವಿರಳವಾಗಿ ಪ್ರಾಣಕ್ಕೂ ಎರವಾದದ್ದುಂಟು: 2008ರಲ್ಲಿ ಬೆಲ್ಜಿಯಂನ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗಿಟ್ಟಿದ್ದ ಸ್ಪಾಗೆಟ್ಟಿಯನ್ನು ಬಿಸಿ ಮಾಡಿ ತಿಂದು, ಯಕೃತ್ತು ವಿಫಲಗೊಂಡು, ಮರುದಿನ ಬೆಳಗಾಗುವುದರೊಳಗೆ ಮೃತಪಟ್ಟಿದ್ದ. ಅನ್ನವಾಗಲಿ ನೂಡಲ್ಸ್ ಆಗಲಿ, ಈ ಬ್ಯಾಕ್ಟೀರಿಯಾಕ್ಕೆ ಪಿಷ್ಟವಿದ್ದರಾಯಿತು.

ಹಾಗಾದರೆ ನಮ್ಮ ಹಿರಿಯರು ತಂಗಳನ್ನ ತಿನ್ನಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ತಿಂದರು. ಆದರೆ ನೀರು, ಮಜ್ಜಿಗೆ ಹಾಕಿ ಹುಳಿ ಬರಿಸಿದ ತಂಗಳನ್ನದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ಆ ಹುಳಿ ಬ್ಯಾಸಿಲಸ್ ಬೆಳೆಯದಂತೆ ತಡೆಯೊಡ್ಡುತ್ತದೆ. ಬರಿಯ ಅನ್ನವನ್ನು ಕುಕ್ಕರಿನಲ್ಲಿ ಮುಚ್ಚಿಟ್ಟರೆ ಆ ರಕ್ಷಣೆ ಇರುವುದಿಲ್ಲ. ಮೇಲಾಗಿ, ಅಂದು ಊಟದ ನಂತರ ಮಗು ವಾಂತಿ ಮಾಡಿಕೊಂಡರೆ ದೃಷ್ಟಿ ತಗುಲಿತೆಂದು ನಿವಾಳಿಸುತ್ತಿದ್ದರೇ ಹೊರತು ಅನ್ನದ ಪಾತ್ರೆಯನ್ನು ಯಾರೂ ಶಂಕಿಸುತ್ತಿರಲಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಊಟ ಮುಗಿದೊಡನೆ ಮಿಕ್ಕ ಅನ್ನವನ್ನು ಕುಕ್ಕರಿನಿಂದ ತೆಗೆದು ತಟ್ಟೆಯಲ್ಲಿ ಹರವಬೇಕು. ಹಬೆ ಆರಿದ ಮೇಲೆ ಅಗಲವಾದ, ಆಳವಿಲ್ಲದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಬೇಕು. ಇವೆಲ್ಲ ಒಂದು ಗಂಟೆಯೊಳಗೆ ಆಗಬೇಕು ಮತ್ತು ಆ ಅನ್ನವನ್ನು ಒಂದು ದಿನದೊಳಗೆ ಬಳಸಬೇಕು ಎನ್ನುತ್ತದೆ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ. ಅಮೆರಿಕದ ಕೃಷಿ ಇಲಾಖೆ ಎರಡು ಗಂಟೆಯ ರಿಯಾಯಿತಿ ಕೊಡುತ್ತದಾದರೂ, ಉಷ್ಣಾಂಶ 32 ಡಿಗ್ರಿ ದಾಟಿದ್ದರೆ ಅದೂ ಒಂದೇ ಗಂಟೆ ಎನ್ನುತ್ತದೆ. ಕಲಬುರಗಿಯ ಏಪ್ರಿಲ್ಲಿನಲ್ಲಿ ಯಾವ ನಿಯಮ ಅನ್ವಯವೆಂದು ಬಿಡಿಸಿ ಹೇಳಬೇಕಿಲ್ಲ. ವಿದ್ಯುತ್ ಕಡಿತವಿದ್ದಾಗ, ಬಾಗಿಲು ತೆರೆಯದೆ ಇಟ್ಟ ಫ್ರಿಜ್ ಸುಮಾರು ನಾಲ್ಕು ಗಂಟೆ ಮಾತ್ರ ತಂಪು ಉಳಿಸಿಕೊಳ್ಳಬಲ್ಲದು. ಜಪಾನಿನ ಮನೆಗಳಲ್ಲಿ ಅನ್ನವನ್ನು ಒಬ್ಬೊಬ್ಬರ ಪಾಲಿಗೆ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡುವುದು ವಾಡಿಕೆ. ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವ ಉದ್ಯೋಗಸ್ಥರಿಗೆ ಇದಕ್ಕಿಂತ ಅನುಕೂಲದ ಉಪಾಯ ಬೇರೊಂದಿಲ್ಲ.

ಒಲೆಯ ಮುಂದೆ

ಹೋಟೆಲಿನ ಹೊಗೆವಾಸನೆ ಮನೆಯ ಫ್ರೈಡ್ ರೈಸಿಗೆ ಬರುವುದಿಲ್ಲವೆಂಬುದು ಹಲವರ ಕೊರಗು. ಕ್ಯಾಂಟನೀಸ್ ಭಾಷೆಯಲ್ಲಿ ‘ವೋಕ್ ಹೇ’ ಎನ್ನಲಾಗುವ ಆ ಪರಿಮಳಕ್ಕೆ ಹೋಟೆಲಿನ ಒಲೆಯ ಉರಿ ಮತ್ತು ಬಾಣಸಿಗನ ಕೈಚಳಕ ಎರಡೂ ಬೇಕು. ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ಚೀನೀ ಬಾಣಸಿಗರನ್ನು ಚಿತ್ರೀಕರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರು ಸೆಕೆಂಡಿಗೆ ಸರಾಸರಿ 2.7 ಬಾರಿ ಅನ್ನವನ್ನು ಮೇಲಕ್ಕೆ ಚಿಮ್ಮಿಸುತ್ತಾರೆ. ಮನೆಯ ಗ್ಯಾಸ್ ಒಲೆ ಅದರ ಹತ್ತಿರಕ್ಕೂ ಸುಳಿಯದು. ಅದನ್ನು ಅನುಕರಿಸಲು ಹೋಗಿ ಅನ್ನವನ್ನು ಒಲೆಯ ಮೇಲೆಲ್ಲ ಚೆಲ್ಲಿಕೊಳ್ಳುವುದಕ್ಕಿಂತ, ಒಮ್ಮೆಗೆ ಇಬ್ಬರಿಗಾಗುವಷ್ಟೇ ಹುರಿಯುವುದು ಜಾಣತನ. ಬಾಣಲೆ ತುಂಬಿದರೆ ಶಾಖ ಇಳಿದು ಅನ್ನ ಹುರಿಯುವ ಬದಲು ಬೇಯತೊಡಗುತ್ತದೆ. ಅಜ್ಜಿಯ ಕಾಲದ ಕಬ್ಬಿಣದ ಬಾಣಲೆ ಅತ್ಯುತ್ತಮ. ನಾನ್‌ಸ್ಟಿಕ್ ಪಾತ್ರೆಯನ್ನು ಬರಿದಾಗಿ ಜೋರು ಉರಿಯಲ್ಲಿ ಕಾಯಿಸಬಾರದು, ಲೇಪನ ಕೆಡುತ್ತದೆ.

ಇಬ್ಬರಿಗೆ ಮೂರು ಬಟ್ಟಲು ತಣ್ಣನೆಯ ಅನ್ನ, ಎರಡು ಮೊಟ್ಟೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್ ಬೀನ್ಸ್ ಸೇರಿ ಒಂದು ಬಟ್ಟಲು, ಎರಡು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ಸೋಯಾ ಸಾಸ್, ಕಾಳುಮೆಣಸಿನ ಪುಡಿ, ಒಂದು ಹಿಡಿ ಈರುಳ್ಳಿ ಸೊಪ್ಪು ಸಾಕು. ಮೊದಲು ಅನ್ನದ ಗಂಟುಗಳನ್ನು ಒದ್ದೆ ಕೈಯಿಂದ ಬಿಡಿಸಿಟ್ಟುಕೊಳ್ಳಬೇಕು. ಬಾಣಲೆಯಲ್ಲಿ ಸೌಟಿನಿಂದ ಕುಟ್ಟಿದರೆ ಅಗುಳು ಒಡೆಯುತ್ತದೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಅರ್ಧ ಎಣ್ಣೆ ಹಾಕಿ, ಕದಡಿದ ಮೊಟ್ಟೆ ಸುರಿದು, ಅರೆಬೆಂದಾಗಲೇ ತೆಗೆದಿಡಬೇಕು. ಉಳಿದ ಎಣ್ಣೆಗೆ ಬೆಳ್ಳುಳ್ಳಿ, ಹಸಿಮೆಣಸು, ಈರುಳ್ಳಿ, ಬಳಿಕ ತರಕಾರಿ. ತರಕಾರಿ ಕರುಕುರು ಎನ್ನುವಂತಿರುವಾಗಲೇ ಅನ್ನ ಸೇರಿಸಿ, ದೊಡ್ಡ ಉರಿಯಲ್ಲಿ ಮೂರು ನಿಮಿಷ ತಿರುವಬೇಕು. ಸೋಯಾ ಸಾಸನ್ನು ಅನ್ನದ ಮೇಲೆ ಸುರಿಯದೆ ಬಾಣಲೆಯ ಕಾದ ಅಂಚಿಗೆ ಸುತ್ತಲೂ ಬಿಡಬೇಕು. ಅದು ಚುರ್ರೆಂದು ಕುದಿದಾಗ ಬರುವ ಪರಿಮಳವೇ ಮನೆಯ ಮಟ್ಟಿಗಿನ ವೋಕ್ ಹೇ. ಕೊನೆಗೆ ಮೊಟ್ಟೆ, ಮೆಣಸಿನ ಪುಡಿ, ಸೊಪ್ಪು.

ಉಪ್ಪು ಹಾಕುವ ಮುನ್ನ ರುಚಿ ನೋಡುವುದು ಒಳ್ಳೆಯದು. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನವೊಂದಕ್ಕೆ ನಿಗದಿಪಡಿಸಿದ ಮಿತಿ 2,000 ಮಿಲಿಗ್ರಾಂ. ರಕ್ತದೊತ್ತಡ ಇರುವವರ ಮನೆಯಲ್ಲಿ ಸಾಸ್ ಅರ್ಧಕ್ಕಿಳಿಸಿ, ತುಸು ನಿಂಬೆರಸ ಹಿಂಡಬಹುದು. ಟೇಸ್ಟಿಂಗ್ ಪೌಡರ್ ಎಂದು ಹೆದರಿಸಲಾಗುವ ಅಜಿನೊಮೊಟೊ ಬಗೆಗಿನ ಭೀತಿ ಅದಕ್ಕಿರುವ ಆಧಾರಕ್ಕಿಂತ ದೊಡ್ಡದು. 1908ರಲ್ಲಿ ಟೋಕಿಯೊದ ಕಿಕುನಾಯೆ ಇಕೆಡಾ ಸಮುದ್ರಪಾಚಿಯಿಂದ ಬೇರ್ಪಡಿಸಿದ ಗ್ಲುಟಮೇಟ್ ಟೊಮೆಟೊದಲ್ಲಿಯೂ ಇದೆ. ಹಾಗೆಂದು ಈ ಅಡುಗೆಗೆ ಅದರ ಅಗತ್ಯವೂ ಇಲ್ಲ. ನಿಜವಾಗಿ ದೂರವಿಡಬೇಕಾದದ್ದು ಬಣ್ಣವನ್ನು. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದ್ದು ರೋಡಮೈನ್-ಬಿಯಂಥ ರಾಸಾಯನಿಕಗಳು ಮಾದರಿಗಳಲ್ಲಿ ಪತ್ತೆಯಾದ ಮೇಲೆ. ಕೆಂಪಗಿನ ಷೆಜ್ವಾನ್ ರೈಸ್ ಬೇಕೆನ್ನುವ ಮಕ್ಕಳಿಗೆ ನೆನೆಸಿ ಅರೆದ ಬ್ಯಾಡಗಿ ಮೆಣಸಿನಕಾಯಿ ಸಾಕಷ್ಟು ಬಣ್ಣ ಕೊಡುತ್ತದೆ, ಖಾರವೂ ಮಿತ.

ಮೊಟ್ಟೆ ತಿನ್ನದವರು ತೋಫು ಅಥವಾ ಪನೀರನ್ನು ಪುಡಿ ಮಾಡಿ, ಚಿಟಿಕೆ ಅರಿಸಿನದೊಂದಿಗೆ ಹುರಿದು ಸೇರಿಸಬಹುದು. ಜೊತೆಗೆ ಥಾಯ್ ಮಾದರಿಯಲ್ಲಿ ಸೌತೆಕಾಯಿ, ನಿಂಬೆ ಇದ್ದರೆ ಊಟ ಪೂರ್ಣ. ಮಾಡಿದ ಫ್ರೈಡ್ ರೈಸ್ ಮತ್ತೆ ಮಿಕ್ಕರೆ ಅದನ್ನು ಎರಡನೆಯ ಬಾರಿ ಬಿಸಿ ಮಾಡುವಂತಿಲ್ಲ. ಆದ್ದರಿಂದ ಬಾಣಲೆಗೆ ಅನ್ನ ಹಾಕುವ ಮೊದಲೇ ಮನೆಯಲ್ಲಿ ಊಟಕ್ಕೆ ಎಷ್ಟು ಜನವೆಂದು ಕೇಳಿಕೊಳ್ಳುವುದು ಕ್ಷೇಮ.