ತುಕ್ಕು ಹಿಡಿದ ಕೋವಿಯನ್ನು ಉಜ್ಜಬಹುದೇ?



ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದಿದ್ದಾರೆ. ಸಕಲೇಶಪುರದ ಕಡೆಯ ತಮ್ಮ ಪೂರ್ವಜರ ಮನೆಯನ್ನು ಬಿಚ್ಚಿಸುವಾಗ ಅಟ್ಟದ ಮೇಲೆ ಮುತ್ತಜ್ಜನ ಕಾಲದ ಕೇಪಿನ ಕೋವಿಯೊಂದು ದೊರಕಿತಂತೆ. ಎಮರಿ ಕಾಗದದಿಂದ ಉಜ್ಜಿ, ಹೊಳಪು ಬರಿಸಿ ಪಡಸಾಲೆಯಲ್ಲಿ ತೂಗುಹಾಕಬಹುದೇ ಎಂಬುದು ಅವರ ಪ್ರಶ್ನೆ.

ಮೊದಲು ಪೊಲೀಸ್ ಠಾಣೆಗೆ ತಿಳಿಸಿರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿ ಇಟ್ಟುಕೊಳ್ಳುವುದಕ್ಕೂ, ಅದನ್ನು ರಿಪೇರಿ ಮಾಡುವ ಕಸುಬಿಗೂ ಪರವಾನಗಿ ಬೇಕು. ದುರಸ್ತಿ ಮಾಡಿದರೂ ಕೆಲಸಕ್ಕೆ ಬಾರದ ಪುರಾತನ ಆಯುಧಕ್ಕೆ ವಿನಾಯಿತಿಯುಂಟು. ಆದರೆ ನಮ್ಮದು ಅಂಥದೇ ಎಂದು ನಾವೇ ತೀರ್ಮಾನಿಸಿಕೊಳ್ಳುವುದು ತರವಲ್ಲ. (ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಲಾಯಿತು. ಹಾಸನದವರಾದ ನಮಗೆ ಅದು ಅನ್ವಯಿಸದು.)

ಇನ್ನು ಉಜ್ಜುವ ವಿಚಾರ. ದಯವಿಟ್ಟು ಉಜ್ಜಬೇಡಿ.

ನಮ್ಮ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಬಳಪದ ಕಲ್ಲು ಒಂಬೈನೂರು ವರ್ಷಗಳ ಮಳೆಯನ್ನು ತಾಳಿಕೊಂಡು ನಿಂತಿದೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಅದರಲ್ಲೂ ಕೋವಿಯ ಕಬ್ಬಿಣಕ್ಕೆ ಶತ್ರುಗಳು ಹೆಚ್ಚು. ಕರಿಮದ್ದು ಉರಿದ ಮೇಲೆ ನಳಿಗೆಯೊಳಗೆ ಉಳಿಯುವ ಕಿಟ್ಟವು ಗಾಳಿಯ ತೇವವನ್ನು ಹೀರುತ್ತದೆ. ಬೇಟೆಯಿಂದ ಬಂದವರು ಕೂಡಲೇ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಸವರಬೇಕಾದದ್ದು ಈ ಕಾರಣದಿಂದಲೇ. ಮಲೆನಾಡಿನ ಮಳೆಗಾಲದಲ್ಲಿ ಒಂದು ರಾತ್ರಿಯ ಆಲಸ್ಯವೂ ದುಬಾರಿ.

ಹಿಂದಿನ ಒಳ್ಳೆಯ ನಳಿಗೆಗಳಲ್ಲಿ ಅನೇಕವು ಇಂದಿನಂತೆ ಉಕ್ಕಿನ ದಿಂಡನ್ನು ಕೊರೆದು ಮಾಡಿದವಲ್ಲ. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಸಲಾಕೆಯ ಸುತ್ತ ಬಳ್ಳಿಯಂತೆ ಸುತ್ತಿ, ಅಂಚಿಗೆ ಅಂಚು ಬೆಸೆದುಕೊಳ್ಳುವವರೆಗೆ ಬಡಿಯುತ್ತಿದ್ದನು. ಅನಂತರ ಹೊರಮೈಗೆ ಬೇಕೆಂದೇ ತುಸು ತುಕ್ಕು ಹಿಡಿಸಿ, ತಿಕ್ಕಿ, ಮತ್ತೆ ಹಿಡಿಸಿ ಕಂದುಬಣ್ಣದ ಗಟ್ಟಿ ಪದರವೊಂದನ್ನು ಬೆಳೆಸುತ್ತಿದ್ದರು. ಸುತ್ತಿನ ಗೆರೆಗಳು ಅಲೆಯಲೆಯಾಗಿ ಕಾಣುವುದು ಆ ಪದರದಲ್ಲಿ. ಎಮರಿ ಕಾಗದಕ್ಕೆ ಕೆಟ್ಟ ತುಕ್ಕು, ಒಳ್ಳೆಯ ತುಕ್ಕು ಎಂಬ ಭೇದ ತಿಳಿಯದು. ಎರಡನ್ನೂ ಕೊಂಡೊಯ್ಯುತ್ತದೆ, ಜೊತೆಗೆ ಲೋಹದ ಮೇಲಿನ ಅಕ್ಷರಗಳನ್ನೂ.

ಆ ಅಕ್ಷರಗಳ ಬೆಲೆಯನ್ನರಿಯಲು ಶ್ರೀರಂಗಪಟ್ಟಣದ ಕೋವಿಗಳನ್ನು ನೆನೆಯಬೇಕು. ಟಿಪ್ಪುವಿನ ಕಾರ್ಖಾನೆಯ ಉತ್ತಮ ಕೋವಿಗಳ ಮೇಲೆ ಹುಲಿಪಟ್ಟೆಯ ಗುರುತು, ಕೆಲಸಗಾರನ ಹೆಸರು, ಇಸವಿ ಎಲ್ಲವೂ ಉಂಟು. ಆ ಇಸವಿ ಹಿಜರಿಯಲ್ಲ, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಸಯ್ಯದ್ ಮಾಸೂಮ್ ಎಂಬ ಕುಶಲಿಯ ಹೆಸರು ನಮಗೆ ಉಳಿದುಬಂದಿರುವುದು ಅವನು ಮಾಡಿದ ಕೋವಿಯ ಮೈಮೇಲಿನ ಬರಹದಿಂದ. 1799ರ ಲೂಟಿಯನ್ನೂ ಸಮುದ್ರಯಾನವನ್ನೂ ದಾಟಿ ಉಳಿದ ಆ ಹೆಸರು, ಯಾರಾದರೂ ಉತ್ಸಾಹದಿಂದ ತಿಕ್ಕಿದ್ದರೆ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತಿತ್ತು. ಅದೇ ಸುಲ್ತಾನನು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಮದ್ದಿನ ಮನೆ ಉಳಿದಿದೆ. ಅದನ್ನು ಕಾಯ್ದವರ ಕೋವಿಗಳು ಉಳಿದಿಲ್ಲ.

ಹಾಗಾದರೆ ತುಕ್ಕನ್ನು ಬೆಳೆಯಲು ಬಿಡುವುದೇ? ಹಾಗೂ ಅಲ್ಲ. ಸಂಗ್ರಹಾಲಯದ ತಜ್ಞರು ಭೂತಗನ್ನಡಿಯ ಕೆಳಗೆ ಸಡಿಲ ಹೊಪ್ಪಳಿಕೆಯನ್ನಷ್ಟೇ ಎಬ್ಬಿಸಿ, ಉಳಿದುದಕ್ಕೆ ಟ್ಯಾನಿಕ್ ಆಮ್ಲ ಸವರುತ್ತಾರೆ; ಕೆಂಪು ತುಕ್ಕು ಕಪ್ಪಾಗಿ ತಣ್ಣಗಾಗುತ್ತದೆ. ಮೇಲೆ ಮೇಣದ ಲೇಪ. ಇದೇನೂ ನಮಗೆ ಹೊಸತಲ್ಲ. ಅಳಲೆಕಾಯಿಯ ಒಗರು ಕಬ್ಬಿಣಕ್ಕೆ ಸೋಕಿದರೆ ಕಪ್ಪು ಶಾಯಿಯಾಗುವುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಒಗರು ಅದೇ, ಕೆಲಸವೂ ಅದೇ.

ಇನ್ನೊಂದು ಎಚ್ಚರಿಕೆ. ಶಿವಮೊಗ್ಗ ಜಿಲ್ಲೆಯ ನಗರ, ಅಂದರೆ ಹೈದರಾಲಿಯು 1763ರಲ್ಲಿ ಗೆದ್ದ ಬಿದನೂರು. ಅಲ್ಲಿನ ಪಾಳುಬಾವಿಯೊಂದರ ಮಣ್ಣಿನಲ್ಲಿ ಮದ್ದಿನ ವಾಸನೆ ಬರಲು, 2018ರಲ್ಲಿ ಪುರಾತತ್ತ್ವ ಇಲಾಖೆಯವರು ಅಗೆಸಿದರು. ಮೈಸೂರು ರಾಕೆಟ್ಟುಗಳ ಕಬ್ಬಿಣದ ಕೊಳವೆಗಳು ಸಾವಿರಕ್ಕೂ ಮಿಕ್ಕಿ ದೊರೆತವು, ತುಕ್ಕು ಹಿಡಿದು, ಒಳಗೆ ಮದ್ದನ್ನು ಇಟ್ಟುಕೊಂಡೇ. ಅಟ್ಟದ ಕೋವಿಯಲ್ಲಿಯೂ ಮುತ್ತಜ್ಜ ತುಂಬಿಟ್ಟ ಮದ್ದು ಹಾಗೆಯೇ ಇದ್ದೀತು. ಬಲ್ಲವರು ಪರೀಕ್ಷಿಸುವ ತನಕ ಅದರ ಕುದುರೆಯನ್ನು ಮುಟ್ಟಬೇಡಿ, ಬಾಯನ್ನು ಯಾರ ಕಡೆಗೂ ತಿರುಗಿಸಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ.