ಹರಿಗೋಲು ಹೇಳುವ ಹಳೆಯ ಕಥೆ

ಕೊಳ್ಳೇಗಾಲ ತಾಲ್ಲೂಕಿನ ಶಿವನಸಮುದ್ರದ ಬಳಿ ಭರಚುಕ್ಕಿಯಾಗಿ ಧುಮುಕುವ ಕಾವೇರಿ, ಹನೂರಿನ ಕಾಡುಗಳ ಅಂಚನ್ನು ಬಳಸಿಕೊಂಡು ಹೊಗೆನಕಲ್ ಕಡೆಗೆ ಹರಿಯುತ್ತಾಳೆ. ಈ ಹೊಳೆಯ ಮೇಲೆ ತಲೆತಲಾಂತರದಿಂದ ಜನರನ್ನು ದಾಟಿಸುತ್ತ ಬಂದದ್ದು ಹರಿಗೋಲು. ತೆಪ್ಪ ಎಂದು ಕರೆಯುವವರೂ ಉಂಟು. ನೋಡಿದರೆ ಅದು ಒಂದು ದೊಡ್ಡ ಬುಟ್ಟಿಯಷ್ಟೆ. ಬಿದಿರಿನ ಸೀಳುಗಳನ್ನು ಹೆಣೆದು, ಹಿಂದೆ ತೊಗಲು ಹೊದಿಸುತ್ತಿದ್ದರು; ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದು, ಹಿಂದು ಎಂಬುದಿಲ್ಲ. ಬಂಡೆಗೆ ತಾಗಿದರೆ ಬಾಗುತ್ತದೆಯೇ ಹೊರತು ಬೇಗ ಒಡೆಯುವುದಿಲ್ಲ.

ಇದು ಕಾವೇರಿಯೊಂದರ ಸೊತ್ತಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುವ, ತೊಗಲು ಹೊದಿಸಿದ ಬುಟ್ಟಿ ದೋಣಿಗಳನ್ನು ಕಂಡು ಬರೆದಿದ್ದಾನೆ. ಅವುಗಳಲ್ಲಿ ಹದಿನೈದಿಪ್ಪತ್ತು ಜನ ಕೂರುತ್ತಿದ್ದರಂತೆ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷ ಮೊದಲು ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡು ದೋಣಿಗಳನ್ನು ವರ್ಣಿಸಿದ್ದ. ಹೊಳೆಯ ಸೆಳವಿಗೆ ಎದುರಾಗಿ ಅವು ಹಿಂತಿರುಗಲಾರವು. ಆದ್ದರಿಂದ ವರ್ತಕರು ಒಳಗೊಂದು ಕತ್ತೆಯನ್ನೂ ಕರೆತರುತ್ತಿದ್ದರು. ಸರಕಿನೊಡನೆ ದೋಣಿಯ ಚೌಕಟ್ಟನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ಊರಿಗೆ ನಡೆಯುತ್ತಿದ್ದರು.

ಇಂಥ ದೋಣಿಗಳು ಎಷ್ಟು ದೊಡ್ಡದಾಗಬಲ್ಲವು? ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಇರ್ವಿಂಗ್ ಫಿಂಕೆಲ್ 2014ರಲ್ಲಿ ಪ್ರಕಟಿಸಿದ ಮಣ್ಣಿನ ಫಲಕವೊಂದು ಈ ಪ್ರಶ್ನೆಗೆ ರಂಗೇರಿಸಿತು. ಸುಮಾರು 3,700 ವರ್ಷ ಹಳೆಯ ಆ ಫಲಕದಲ್ಲಿ, ಜಲಪ್ರಳಯದಿಂದ ಪಾರಾಗಲು ಕಟ್ಟಬೇಕಾದ ನೌಕೆಯ ವಿವರವಿದೆ. ಆ ನೌಕೆ ದುಂಡಗಿನದು! ಹಗ್ಗವನ್ನು ಸಿಂಬೆಯಂತೆ ಸುತ್ತಿ, ಡಾಂಬರು ಬಳಿದು ಮಾಡುವಂಥದು. ತಳದ ವಿಸ್ತೀರ್ಣ ಸುಮಾರು 3,600 ಚದರ ಮೀಟರ್. ಅಳತೆಯನ್ನು ಕುಗ್ಗಿಸಿ ಅದನ್ನು ಕಟ್ಟಿ ನೋಡಿದ್ದು ನಮ್ಮ ನೆರೆಯ ಕೇರಳದ ಹಿನ್ನೀರಿನಲ್ಲಿ. ನೌಕೆ ತೇಲಿತು. ಆದರೆ ನೀರು ಒಸರಿತು, ಪಂಪು ಹಚ್ಚಬೇಕಾಯಿತು. ತಕ್ಕ ಗುಣದ ಡಾಂಬರು ಸಿಗದಿದ್ದುದೇ ಇದಕ್ಕೆ ಕಾರಣ ಎನ್ನಲಾಯಿತು.

ಹೀಗೆ ಕಟ್ಟಿ, ತೇಲಿಸಿ, ಇತಿಹಾಸವನ್ನು ಪರೀಕ್ಷಿಸುವ ಸಾಹಸಕ್ಕೆ ಹೆಸರು ತಂದವನು ನಾರ್ವೆಯ ಥಾರ್ ಹೈಯರ್‌ಡಾಲ್. 1947ರಲ್ಲಿ ಅವನು ಮರದ ದಿಮ್ಮಿಗಳ ತೆಪ್ಪ 'ಕಾನ್-ಟಿಕಿ'ಯಲ್ಲಿ ಪೆರುವಿನಿಂದ ಹೊರಟು 101 ದಿನ ಶಾಂತಸಾಗರದಲ್ಲಿ ತೇಲಿ ಪಾಲಿನೇಷ್ಯಾ ಮುಟ್ಟಿದ. 1969ರಲ್ಲಿ ಪಪೈರಸ್ ಜೊಂಡಿನ 'ರಾ' ದೋಣಿಯನ್ನು ಅಟ್ಲಾಂಟಿಕ್‌ಗೆ ಇಳಿಸಿದ. ಈಜಿಪ್ಟಿನ ಹಳೆಯ ಚಿತ್ರಗಳಲ್ಲಿ ದೋಣಿಯ ಬಾಗಿದ ಹಿಂಬದಿಯನ್ನು ಅಟ್ಟಕ್ಕೆ ಬಿಗಿದ ಹಗ್ಗವೊಂದು ಕಾಣುತ್ತದೆ. ಅದು ಬೇಡವೆಂದು ತೆಗೆದಿದ್ದರು. ಹಿಂಬದಿ ಕುಸಿಯಿತು, ಯಾತ್ರೆ ನಿಂತಿತು. ಆ ಹಗ್ಗ ಅಲಂಕಾರವಲ್ಲ, ದೋಣಿಯ ಜೀವಾಳ ಎಂಬುದು ಮುಳುಗಿದ ಮೇಲೆ ತಿಳಿಯಿತು. ಮರುವರ್ಷ 'ರಾ-2' 57 ದಿನಗಳಲ್ಲಿ ಮೊರಾಕ್ಕೊದಿಂದ ಬಾರ್ಬಡೋಸ್ ತಲುಪಿತು. 1977ರಲ್ಲಿ 'ಟೈಗ್ರಿಸ್' ಎಂಬ ಜೊಂಡಿನ ದೋಣಿ ಇರಾಕಿನಿಂದ ಹೊರಟು ಸಿಂಧೂ ಕಣಿವೆಯ ಕರಾವಳಿಗೂ ಬಂತು.

ಆದರೆ ಒಂದು ಮಾತನ್ನು ಮರೆಯಬಾರದು. 'ಹೋಗಬಹುದಿತ್ತು' ಎಂಬುದು ಬೇರೆ, 'ಹೋಗಿದ್ದರು' ಎಂಬುದು ಬೇರೆ. ಪಾಲಿನೇಷ್ಯಾದ ಜನರ ಮೂಲ ದಕ್ಷಿಣ ಅಮೆರಿಕ ಎಂಬ ಹೈಯರ್‌ಡಾಲನ ವಾದವನ್ನು ಭಾಷೆ, ಉತ್ಖನನ, ವಂಶವಾಹಿಗಳ ಅಧ್ಯಯನ ಒಪ್ಪಲಿಲ್ಲ. ಅವರ ಪೂರ್ವಜರು ಏಷ್ಯಾದ ಕಡೆಯವರು. ಎರಡು ಕಡೆಯವರ ನಡುವೆ ಒಂದಿಷ್ಟು ಸಂಪರ್ಕವಿತ್ತೆಂದು ಮಾತ್ರ 2020ರ ಅಧ್ಯಯನ ತೋರಿಸಿತು. ಅಂತೆಯೇ, ಕಾವೇರಿಯ ಹರಿಗೋಲು ಬ್ಯಾಬಿಲೋನಿನ ದೋಣಿಯನ್ನು ಹೋಲುತ್ತದೆಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತೆನ್ನಲಾಗದು. ಬುಟ್ಟಿ ಹೆಣೆಯಬಲ್ಲ ಜನ, ಕಲ್ಲುಬಂಡೆಯ ಹೊಳೆ ಇವೆರಡೂ ಇದ್ದೆಡೆ ಒಂದೇ ಉಪಾಯ ಎರಡು ಸಲ ಹೊಳೆಯಬಹುದು.

ಹಾಗಾದರೆ ಈ ಸಾಹಸಗಳಿಂದ ಲಾಭವೇನು? ಕಾರವಾರದಲ್ಲಿ 2025ರ ಮೇ 21ರಂದು ನೌಕಾಪಡೆ ಸೇರಿದ 'ಕೌಂಡಿನ್ಯ' ಇದಕ್ಕೆ ಉತ್ತರ. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ ಕಟ್ಟಿದ ಈ ಹಡಗಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಅದು ಜನವರಿಯಲ್ಲಿ ಮಸ್ಕತ್ ಸೇರಿತು. ಚಿತ್ರದಿಂದ ಆಕಾರ ಸಿಕ್ಕಿತು, ಹೊಲಿಗೆ ಸಿಗಲಿಲ್ಲ. ಅದು ಉಳಿದಿದ್ದುದು ಕೇರಳದ ಕುಶಲಕರ್ಮಿಗಳ ಕೈಯಲ್ಲಿ.

ನಮ್ಮ ಹೊಳೆಗೂ ಈ ಮಾತು ಸಲ್ಲುತ್ತದೆ. ಸೇತುವೆಗಳು ಬಂದ ಮೇಲೆ ಹರಿಗೋಲು ಬಹುಮಟ್ಟಿಗೆ ಪ್ರವಾಸಿಗರ ಪಾಲಾಗಿದೆ. ಬಿದಿರು ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಮುಂದೆಯೂ ಬೆಳೆದೀತು. ಆದರೆ ಅದನ್ನು ಯಾವ ದಪ್ಪಕ್ಕೆ ಸೀಳಬೇಕು, ಅಂಚನ್ನು ಎಷ್ಟು ಬಿಗಿಯಬೇಕು ಎಂಬುದು ಹೆಣೆಯುವವನ ಬೆರಳಿಗೆ ಮಾತ್ರ ಗೊತ್ತು. ಅವನಿರುವಾಗಲೇ ಕೇಳಿ ಬರೆದಿಟ್ಟುಕೊಂಡರೆ, ನಾಳಿನವರು ಬರಿಯ ಚಿತ್ರ ನೋಡಿ ಹಗ್ಗ ಬೇಕೋ ಬೇಡವೋ ಎಂದು ತಡಕಾಡುವುದು ತಪ್ಪುತ್ತದೆ.