ಶಿವಪ್ಪನಾಯಕನ ಶಿಸ್ತು, ಮಂಡಿ ಪಟ್ಟಿ, ನಮ್ಮನೆ ಉಪ್ಪಿನಕಾಯಿ ಲೆಕ್ಕ

ಹೋದ ವಾರ ಪಾರ್ಸೆಲ್ ಕಳಿಸೋಕೆ ಕೋಣಂದೂರು ಪೇಟೆಗೆ ಹೋದಾಗ ಪಕ್ಕದೂರಿನವರೊಬ್ಬರು ಸಿಕ್ಕಿದ್ರು. "ಅಪ್ಪೆಮಿಡಿ ಉಪ್ಪಿನಕಾಯಿ ಆನ್‌ಲೈನಲ್ಲಿ ಮಾರ್ತೀರಲ್ಲ, ಬಾಟಲಿಗೆ ಎಷ್ಟು ಉಳಿಯುತ್ತೆ ಮಾರಾಯ್ರೆ?" ಅಂದ್ರು. ಹೋದ ವರ್ಷ ಕೇಳಿದ್ರೆ ನನ್ನ ಹತ್ರ ಉತ್ತರವೇ ಇರ್ತಿರಲಿಲ್ಲ. ಈಗ ಇದೆ, ಅದನ್ನ ಕೊನೆಗೆ ಬರೀತೀನಿ. ಅದಕ್ಕೂ ಮೊದಲು, ಇದೇ ಪ್ರಶ್ನೆಯನ್ನ ನಮ್ಮ ಸೀಮೆಯಲ್ಲಿ ಹಿಂದೆ ಯಾರು ಹೇಗೆ ಕೇಳಿದ್ರು ಅನ್ನೋದು ಸ್ವಲ್ಪ.

ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. 'ಶಿವಪ್ಪನಾಯಕನ ಶಿಸ್ತು' ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಆದರೆ ಅದು ಎಂತದು ಅಂತ ಸರಿಯಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಕಂದಾಯದ ಲೆಕ್ಕ. ಪ್ರತಿ ಊರಲ್ಲೂ ಒಂದೊಂದು ನಮೂನೆಯ ಭೂಮಿಯಲ್ಲಿ ಒಂದೊಂದು ಗದ್ದೆಯನ್ನ ಸರ್ಕಾರದ ಖರ್ಚಲ್ಲೇ 12 ವರ್ಷ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜ ಎಷ್ಟು, ಸಾಗುವಳಿ ಖರ್ಚು ಎಷ್ಟು, ಬಂದ ಫಸಲು ಎಷ್ಟು, ಅದರ ಬೆಲೆ ಎಷ್ಟು, ಎಲ್ಲ ಬರೆದಿಡಿಸಿದ. ಆಮೇಲೆ ಸರಾಸರಿ ತೆಗೆದು, ಭೂಮಿಯನ್ನ 5 ದರ್ಜೆ ಮಾಡಿ, ಮೂರರಲ್ಲಿ ಒಂದು ಪಾಲು ಅರಮನೆಗೆ ಅಂತ ದರ ಕಟ್ಟಿದ. ತೋಟ ಅಳೆಯೋಕೆ ಬೇರೆ ಕೋಲು. ಇಕ್ಕೇರಿ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೆಟ್ಟಿಲಿನ ಉದ್ದವೇ ಆ ಕೋಲಿನ ಅಳತೆ, 18 ಅಡಿ 6 ಇಂಚು. ಸಾಗರದ ಕಡೆ ಹೋದಾಗ ಆ ಮೆಟ್ಟಿಲು ನೋಡಿ ಬನ್ನಿ. ನಮ್ಮ ಅಜ್ಜಂದಿರ ಅಜ್ಜಂದಿರು ಕಟ್ಟಿದ ತೋಟದ ತೆರಿಗೆ ಅಲ್ಲಿಂದ ಶುರುವಾಗಿದ್ದು.

ನನಗೆ ಇಲ್ಲಿ ದೊಡ್ಡದಾಗಿ ಕಾಣೋದು ಆ 12 ವರ್ಷ. ಒಂದು ವರ್ಷದ ಬೆಳೆ ನೋಡಿ ದರ ಕಟ್ಟಿದ್ರೆ, ಕೊಳೆ ಬಂದ ವರ್ಷ ರೈತ ಸತ್ತ, ಒಳ್ಳೆ ವರ್ಷ ಅರಮನೆಗೆ ನಷ್ಟ. ಅಪ್ಪೆಮಿಡಿಯೂ ಹಾಗೇ ಅಲ್ವಾ? ಈ ವರ್ಷ ಹೊಳೆದಂಡೆ ಮರ ತುಂಬಾ ಮಿಡಿ, ಮುಂದಿನ ವರ್ಷ ಚಿಗುರು ಮಾತ್ರ.

ಆ ಕಾಲದಲ್ಲಿ ಅಂಗಡಿಯವರು, ಮಠದವರು ಲೆಕ್ಕ ಬರೀತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯೋದು. ಕೆಳದಿಯ ಮ್ಯೂಸಿಯಂನಲ್ಲಿ ಇಂಥ ಕಡತಗಳಿವೆ. ತಾಲೂಕಾಫೀಸಲ್ಲಿ ಫೈಲಿಗೆ ಕಡತ ಅನ್ನೋದು ಇದೇ ಶಬ್ದ. ಅದರ ಗುಣ ಏನಂದ್ರೆ ಅಳಿಸಿ ಮತ್ತೆ ಬರೀಬಹುದು. ದೋಷವೂ ಅದೇ.

ಆಮೇಲೆ ಬಂದದ್ದು ಮಂಡಿಯ ಕಾಲ, ಕಾಗದದ ಕಿರ್ದಿ, ಖಾತೆ ಪುಸ್ತಕ. ಕೊನೆ ಕೊಯ್ಲಿಗೆ, ಮದುವೆಗೆ, ಮಕ್ಕಳ ಓದಿಗೆ ಮಂಡಿಯಿಂದ ಮುಂಗಡ. ಅಡಿಕೆ ಅಲ್ಲಿಗೇ ಹಾಕಬೇಕು. ಪಟ್ಟಿ ಬರುವಾಗ ದಲಾಲಿ, ಹಮಾಲಿ, ಮುಂಗಡ, ಬಡ್ಡಿ ಎಲ್ಲ ಮುರಿದು ಕೈಗೆ ಉಳಿದಷ್ಟು. ನಮ್ಮ ಮನೆಯ ಖಾತೆ ಇದ್ದದ್ದು ಮಂಡಿಯ ಪುಸ್ತಕದಲ್ಲಿ. ಮನೆಯಲ್ಲಿ ಗೋಡೆಗೆ ಸಿಕ್ಕಿಸಿದ ಪಟ್ಟಿ ಚೀಟಿಗಳು ಮಾತ್ರ. ಈ ಕಷ್ಟ ಕಂಡೇ ಬೆಳೆಗಾರರು ಸ್ವಂತ ಸಂಘ ಕಟ್ಟಿದ್ದು, ಶಿರಸಿಯಲ್ಲಿ 1923ರಲ್ಲಿ ಟಿಎಸ್‌ಎಸ್, ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್ಕೋಸ್. ಲೆಕ್ಕ ನಂಬುವಂತಾಯ್ತು. ಆದರೆ ಬರೆಯೋ ಅಭ್ಯಾಸ ಮಾತ್ರ ನಮ್ಮ ಕೈಗೆ ಬರಲೇ ಇಲ್ಲ.

ಈಗ ಫೋನಲ್ಲಿ ಆರ್ಡರ್, ಯುಪಿಐಯಲ್ಲಿ ದುಡ್ಡು. ನಡುವೆ ಮಂಡಿ ಇಲ್ಲ ಅಂತ ಖುಷಿಪಟ್ವಿ. ಮಂಡಿ ಇಲ್ಲ ಅಂದ್ರೆ ಲೆಕ್ಕ ಬರೆಯೋರೂ ಇಲ್ಲ ಅನ್ನೋದು ಹೊಳೆದಿರಲಿಲ್ಲ. ಮೊದಲ ಎರಡು ವರ್ಷ ಉಪ್ಪಿನಕಾಯಿ ದುಡ್ಡು, ಹಾಲಿನ ದುಡ್ಡು, ಭಾವ ತೀರಿಸಿದ ಕೈಸಾಲ ಎಲ್ಲ ಒಂದೇ ಖಾತೆಗೆ ಬಂತು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕೊಟ್ಟಾಗ ನನಗೂ ನಡುಕ ಬಂತು. ಸರಕು ಮಾರೋರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ₹40 ಲಕ್ಷದ ವಹಿವಾಟು, ಲಾಭ ಅಲ್ಲ. ನಮ್ಮದು ಅದರ ಹತ್ತಿರವೂ ಇಲ್ಲ. ಆದರೆ ಯಾರಾದ್ರೂ ಕೇಳಿದ್ರೆ ಯಾವ ಜಮಾ ಮಾರಾಟದ್ದು, ಯಾವುದು ಭಾವನದ್ದು ಅಂತ ತೋರಿಸೋಕೆ ನನ್ನ ಹತ್ರ ಒಂದು ಚೀಟಿ ಇರಲಿಲ್ಲ. ಬೆಳೆದದ್ದನ್ನ ಹಾಗೇ ಮಾರೋದು ಒಂದು, ಉಪ್ಪಿನಕಾಯಿ ಮಾಡಿ ಮಾರೋದು ಇನ್ನೊಂದು, ಇದೂ ನೆನಪಿರಲಿ.

ಆ ವಾರವೇ ಬೇರೆ ಬ್ಯಾಂಕ್ ಖಾತೆ ಮಾಡಿಸಿ, ಇನ್ನೂರು ಪುಟದ ನೋಟ್‌ಬುಕ್ ತಂದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ರಾತ್ರಿ ಊಟಕ್ಕೆ ಮುಂಚೆ ಶಿಲ್ಕು. ಫೋನಲ್ಲೂ ಬರೀಬಹುದು, ನನಗೆ ಅದು ಕಡತದ ಹಾಗೆ, ಒಂದು ಸಲ ಬೆರಳು ತಾಗಿದ್ರೆ ಹೋಯ್ತು. ಆನ್‌ಲೈನ್ ಅಂಗಡಿಯಲ್ಲಿ ಮಾರಿದ್ದಕ್ಕೆ ಅವರ ಕಮಿಷನ್ ಮುರಿದು, ಕೆಲವು ದಿನ ಬಿಟ್ಟು ದುಡ್ಡು ಬರುತ್ತೆ. ಬ್ಯಾಂಕಿಗೆ ಬಂದಷ್ಟನ್ನೇ ಬರೆದ್ರೆ ಮಾರಾಟ ಕಮ್ಮಿ ಕಾಣುತ್ತೆ, ಕಮಿಷನ್ ಕಾಣೋದೇ ಇಲ್ಲ. ಮಂಡಿ ಪಟ್ಟಿಯ ಹಾಗೆ ಪೂರ್ತಿ ಬೆಲೆ ಜಮಾಕ್ಕೆ, ಮುರಿದದ್ದು ಖರ್ಚಿಗೆ, ಹೀಗೆ ಬರೀಬೇಕು. ಆರ್ಡರ್ ತಾರೀಖು, ದುಡ್ಡು ಬಂದ ತಾರೀಖು ಎರಡೂ ಬೇಕು. ಶಿವಪ್ಪನಾಯಕ ಗದ್ದೆಗೊಂದು ಲೆಕ್ಕ ಇಟ್ಟ ಹಾಗೆ ಉಪ್ಪಿನಕಾಯಿಗೆ, ಹಪ್ಪಳಕ್ಕೆ, ಜೇನಿಗೆ ಬೇರೆ ಬೇರೆ ಪುಟ.

ಇನ್ನು ಪೇಟೆಯಲ್ಲಿ ಕೇಳಿದವರಿಗೆ ಉತ್ತರ. ಅರ್ಧ ಕೆಜಿ ಬಾಟಲಿ ನಾನು ಮಾರ್ತಿದ್ದದ್ದು ₹280ಕ್ಕೆ, ಕೊರಿಯರ್ ಸೇರಿ. ಮಿಡಿ, ಸಾಸಿವೆ, ಮೆಣಸು, ಉಪ್ಪು ₹130. ಬಾಟಲಿ, ಪೆಟ್ಟಿಗೆ ₹38. ಕೊರಿಯರ್ ₹90. ಉಳಿದದ್ದು ₹22. ಇಪ್ಪತ್ತರಲ್ಲಿ ಒಂದು ಬಾಟಲಿ ದಾರಿಯಲ್ಲಿ ಒಡೀತಿತ್ತು, ಅದನ್ನ ಹಂಚಿದ್ರೆ ₹9. ಮಿಡಿ ತೊಟ್ಟು ಬಿಡಿಸಿದ ಅಮ್ಮನ ಕೂಲಿ, ಮನೆಯವಳ ಕೂಲಿ ಇದರಲ್ಲಿ ಸೇರಿಲ್ಲ. ಈ ಪುಟ ಓದಿ ಹೇಳಿದಾಗ ಮನೆಯವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅರ್ಧ ಕೆಜಿ ಇನ್ನು ಕಳಿಸೋದು ಬೇಡ" ಅಂದಳು. ಈಗ ಒಂದು ಕೆಜಿಯದ್ದು ಮಾತ್ರ, ಕೊರಿಯರ್ ಬೇರೆ. ಆರ್ಡರ್ ಕಮ್ಮಿಯಾಗಿದೆ, ಶಿಲ್ಕು ಜಾಸ್ತಿಯಾಗಿದೆ. ಆದರೆ ಇದು ಒಂದೇ ವರ್ಷದ ಲೆಕ್ಕ, ಅದೂ ಮಿಡಿ ಚೆನ್ನಾಗಿ ಬಿಟ್ಟ ವರ್ಷದ್ದು. ನೋಟ್‌ಬುಕ್ ನೋಡ್ಬೇಕು ಅನ್ನೋರು ಮನೆ ಕಡೆ ಬನ್ನಿ, ಸಂಜೆ ಹಾಲು ಕರೆದ ಮೇಲೆ.